ಉಷ್ಟಾವಣಕ್ಕಿಂತ ಮೊದಲಿನ ತುತ್ತು

ಉಣ್ಣುವವರ ಬಾಯಿಯನ್ನೇ ದಿಟ್ಟಿಸಿ ನೋಡಬಾರದು ಎಂದು ದೊಡ್ಡವರಿಗೆ ಹೇಳಬಹುದು. ತೊಡೆಯ ಮೇಲೆ ಕೂತ ಕೂಸಿಗೆ ಹೇಳುವುದು ಹೇಗೆ? ಮೊನ್ನೆ ಮಧ್ಯಾಹ್ನ ಬಿಸಿ ರೊಟ್ಟಿ ಮುರಿದುಕೊಂಡು ಊಟಕ್ಕೆ ಕೂತಿದ್ದೆ. ಮೊಮ್ಮಗಳು ತೊಡೆಯ ಮೇಲಿದ್ದಳು. ನನ್ನ ಕೈ ತಾಟಿನಿಂದ ಬಾಯಿಗೆ ಹೋದಾಗ ಅವಳ ಕಣ್ಣೂ ಜೊತೆಗೆ ಹೋಯಿತು. ನಾನು ಬಾಯಿ ತೆರೆದರೆ ಅವಳೂ ತೆರೆದಳು. ನಾನು ಅಗಿದರೆ ಅವಳೂ ಹಲ್ಲಿಲ್ಲದ ದವಡೆ ಆಡಿಸಿದಳು. ನುಂಗುವ ಹೊತ್ತಿಗೆ ಮಾತ್ರ ಅವಳ ಬಾಯಲ್ಲಿ ನುಂಗಲು ಏನೂ ಇರಲಿಲ್ಲ. ರೊಟ್ಟಿಯ ವಾಸನೆಗೆ ಜೊಲ್ಲು ಸುರಿದು ನನ್ನ ಸೆರಗು ತೊಯ್ದಿತು. ಇಂಥ ತಪಾಸಣೆಯ ಮುಂದೆ ಊಟ ಗಂಟಲಲ್ಲಿ ಇಳಿಯುವುದಿಲ್ಲ. ಅರ್ಧ ರೊಟ್ಟಿ ಬಿಟ್ಟು ಕೈ ತೊಳೆದುಕೊಂಡೆ.

ಸೊಸೆ ಗಂಗವ್ವ ಇದನ್ನೆಲ್ಲ ಒಲೆಯ ಮುಂದಿನಿಂದ ನೋಡುತ್ತಿದ್ದಳು. ಸಮಯ ನೋಡಿ ಕೇಳಿದಳು, “ಅತ್ತಿ, ಕೂಸಿಗೆ ಯಾವಾಗಿಂದ ಉಣ್ಣಾಕ ಹಾಕೂಣರಿ?”

“ನಿನ್ನ ತಮ್ಮ ಬರ್ಲಿ. ಸ್ವಾದರಮಾವನ ಕೈಲೆ ಉಷ್ಟಾವಣ ಆಗಬೇಕು. ಆಮ್ಯಾಲ ನೋಡೂಣು.”

ಅವಳ ತಮ್ಮ ಇರುವುದು ಬಾದಾಮಿಯ ಹತ್ತಿರದ ಹಳ್ಳಿಯಲ್ಲಿ. ಬಿತ್ತಿಗೆ ಮುಗಿದ ಮೇಲೆ ಬರುತ್ತೇನೆ ಎಂದಿದ್ದಾನೆ. ಬಿತ್ತಿಗೆ ಆಗಬೇಕಾದರೆ ಮಳೆ ಬರಬೇಕು. ಮಳೆಗೆ ಯಾರ ಮನೆಯಲ್ಲಿ ಯಾವ ಕೂಸು ಹಸಿದಿದೆ ಎಂಬುದರ ಖಬರಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು ಗತ್ತಿನಿಂದ ಹಾಗೆ ಹೇಳಿಬಿಟ್ಟೆ. ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಮಾತು ನನ್ನದಾಗಿತ್ತು, ದನಿ ಮಾತ್ರ ಅಚ್ಚು ನಮ್ಮತ್ತೆಯದು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಸೊಸೆ ಬಂದ ಮನೆಯಲ್ಲಿ ಅತ್ತೆ ಎಂಬುವಳು ಸಾಯುವುದಿಲ್ಲ, ಇನ್ನೊಬ್ಬಳ ಗಂಟಲಿಗೆ ಬಂದು ಕೂಡುತ್ತಾಳೆ ಎಂದು ಕಾಣುತ್ತದೆ.

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು. ಕೂಸಿಗೆ ಮೊದಲ ಸಲ ಅನ್ನ ಮುಟ್ಟಿಸುವ ಕಾರ್ಯಕ್ಕೆ ನಾವು ಉಷ್ಟಾವಣ ಎನ್ನುತ್ತೇವೆ. ತಾಯಿಯ ಅಣ್ಣನೋ ತಮ್ಮನೋ ಬಂದು, ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಮೊದಲ ತುತ್ತು ಇಡಬೇಕು. ಅಲ್ಲಿಯವರೆಗೆ ಕೂಸಿಗೆ ತಾಯಿಯ ಹಾಲೇ ಗತಿ. ತುತ್ತು ಇಡುವವನಿಗೆ ಹೊಟ್ಟೆ ಬಿರಿಯುವಷ್ಟು ಊಟ, ತಲೆಗೆ ರುಮಾಲು. ತುತ್ತು ತಿನ್ನುವವನಿಗೆ ನಾಲಿಗೆಯ ತುದಿಗೆ ಹತ್ತುವಷ್ಟು ಹುಗ್ಗಿ. ಈ ಪದ್ಧತಿ ಮಾಡಿದವರು ಸೋದರಮಾವಂದಿರೇ ಇರಬೇಕು ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ.

ಈಗ ನನ್ನ ಕಥೆ ಕೇಳಿ. ಪ್ಲೇಗಿಗೆ ಹೆದರಿ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದ ಜನ ಇಳಕಲ್ಲಿನ ತಮ್ಮ ತಮ್ಮ ಮನೆಗಳಿಗೆ ಮರಳಿದ ಮರುವರ್ಷ ನನ್ನ ಚೊಚ್ಚಲ ಮಗ ಹುಟ್ಟಿದ. ಇವತ್ತು ಗಂಗವ್ವನ ಗಂಡನಾಗಿ, ಮಗ್ಗದ ಮುಂದೆ ಮೀಸೆ ತಿರುವುತ್ತ ಕೂತಿರುವವನೇ ಅವನು. ನನ್ನ ಅವ್ವ ಅಪ್ಪ ಇಬ್ಬರೂ ಆ ಬ್ಯಾನೆಯಲ್ಲೇ ಹೋಗಿದ್ದರು. ಹಾಗಾಗಿ ಬಾಣಂತನವೂ ಅತ್ತೆಯ ಮನೆಯಲ್ಲೇ ಆಯಿತು. ತವರು ಎಂದು ನನಗೆ ಉಳಿದದ್ದು ಗುಳೇದಗುಡ್ಡದ ಒಬ್ಬ ಅಣ್ಣ. ಅವನು ಕುಪ್ಪಸದ ಖಣ ನೇಯುವವನು. ಕೈ ಬಹಳ ನಾಜೂಕು, ಸಿಟ್ಟು ಮೂಗಿನ ತುದಿಯಲ್ಲಿ.

ನಮ್ಮತ್ತೆಯ ಮನೆಯವರು ಸೀರೆ ನೇಯುವವರು. ಸೀರೆ ನೇಯುವವರಿಗೆ ಖಣ ನೇಯುವವರೆಂದರೆ ಕೈಯಗಲದ ಬಟ್ಟೆಯ ಜನ. ಖಣದವರಿಗೆ ಸೀರೆಯವರೆಂದರೆ ಉದ್ದ ಇದ್ದಷ್ಟು ಬುದ್ಧಿ ಇಲ್ಲದವರು. ಈ ಎರಡು ಜಾತಿಯ ಅಹಂಕಾರ ಒಂದೇ ಜಗಲಿಯ ಮೇಲೆ ಕೂಡಿದ್ದು ನನ್ನ ಮಗನಿಗೆ ಹೆಸರಿಡುವ ದಿನ. ಅಣ್ಣ ತಾನೇ ನೇಯ್ದ ಖಣದಲ್ಲಿ ಕೂಸಿಗೊಂದು ಕುಂಚಿಗೆ ಹೊಲಿಸಿ ತಂದಿದ್ದ. ಕುಂಚಿಗೆ ಎಂದರೆ ಕೂಸಿನ ತಲೆಯಿಂದ ಬೆನ್ನಿನವರೆಗೆ ಇಳಿಯುವ ಟೊಪ್ಪಿಗೆ, ಗದ್ದದ ಕೆಳಗೆ ಕಟ್ಟಲು ಎರಡು ಕಸೆ. ಕೆಂಪು ಎಂದರೆ ಅದು ಕೆಂಪು. ಅತ್ತೆ ಅದನ್ನು ಬೆಳಕಿಗೆ ಹಿಡಿದರು, ತಿರುವಿ ಬೆನ್ನು ನೋಡಿದರು, ಹೆಬ್ಬೆರಳಿನಿಂದ ತಿಕ್ಕಿದರು.

“ಚಂದ ಐತಿ,” ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. “ಆದ್ರ ಗುಳೇದಗುಡ್ಡದ್ದು ನೋಡ್ರಿ. ಒಂದು ನೀರಿಗೆ ಬಣ್ಣಾ ಬಿಡತೈತಿ.”

ಅಣ್ಣ ಎಲೆಯ ಮುಂದೆ ಕೂತವನು ಹಾಗೇ ಎದ್ದ. “ನನ್ನ ಬಣ್ಣಾ ಗಟ್ಟಿ ಐತಿ ಅಂತ ನಿಮ್ಮ ಬಾಯಿಲೆ ನೀವ ಹೇಳೂತನಕ ಈ ಹೊಸ್ತಿಲಾ ದಾಟೂದಿಲ್ಲರಿ, ಅತ್ಯಾರ,” ಎಂದ. ಬಡಿಸಿದ ಹೋಳಿಗೆ ಎಲೆಯಲ್ಲೇ ಉಳಿಯಿತು. ಹೊರಗೆ ಹೋಗುವಾಗ ನನ್ನ ಕಡೆ ನೋಡಲೂ ಇಲ್ಲ. ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ತಿಂಗಳುಗಳು ಕಳೆದವು. ಕೂಸು ಬೆಳೆಯಿತು, ಅದರ ಹಸಿವು ಅದಕ್ಕಿಂತ ಜೋರಾಗಿ ಬೆಳೆಯಿತು. ನನ್ನ ಮೈಯಲ್ಲಿ ಹಾಲು ಸಾಲದಾಯಿತು. ಕೂಸು ಕುಡಿದು ಮುಗಿಸಿ, ಇಷ್ಟೇಯೇ ಎಂಬಂತೆ ನನ್ನ ಮುಖ ನೋಡುತ್ತಿತ್ತು, ಆಮೇಲೆ ಓಣಿಗೆಲ್ಲ ಕೇಳುವಂತೆ ತಕರಾರು ಸುರು ಮಾಡುತ್ತಿತ್ತು. ಅತ್ತೆ ಅಣ್ಣನಿಗೆ ಹೇಳಿ ಕಳಿಸುವುದಿಲ್ಲ, ಕರೆಯದೆ ಅವನು ಬರುವುದಿಲ್ಲ, ಅವನು ಬರದೆ ಉಷ್ಟಾವಣ ಇಲ್ಲ. ಒಂದು ದಿನ ಅಳು ತಾಳಲಾರದೆ ಅತ್ತೆಯೇ ಒಂದು ಉಪಾಯ ತೆಗೆದರು.

“ಹುನಗುಂದದಾಗ ನನ್ನ ತಮ್ಮನ ಮಗ ಅದಾನಲ್ಲ, ಅವನ್ನ ಕರಸೂಣು. ಮಾವ ಅಂದ್ರ ಮಾವ. ಯಾರ ಉಣಿಸಿದ್ರೇನು, ಕೂಸಿನ ಹೊಟ್ಟಿ ತುಂಬಿದ್ರ ಆತು.”

ಆ ತಮ್ಮನ ಮಗನನ್ನು ನಾನು ಬಲ್ಲೆ. ಊಟದ ಕರೆ ಎಂದರೆ ಹುನಗುಂದದಿಂದ ನಡೆದೇ ಬಂದುಬಿಡುವ ಆಸಾಮಿ. ಆದರೆ ನನಗೆ ನಗು ಬರಲಿಲ್ಲ. ಅಣ್ಣನ ಜಾಗದಲ್ಲಿ ಬೇರೊಬ್ಬ ಕೂತು ತುತ್ತು ಇಟ್ಟರೆ ಅಣ್ಣ ಮತ್ತೆ ಈ ಕಡೆ ಮುಖ ಹಾಕುವುದಿಲ್ಲ. ಅಲ್ಲಿಗೆ ನನ್ನ ತವರಿನ ಬಾಗಿಲು ಮುಚ್ಚಿದ ಹಾಗೆಯೇ. ನನಗಿದ್ದದ್ದು ಆ ಒಂದೇ ಬಾಗಿಲು. ಅದು ತೆರೆದಿರಬೇಕಾದರೆ ಕೂಸು ಅಳಬಾರದು. ಕೂಸು ಅಳಬಾರದೆಂದರೆ ಅದಕ್ಕೆ ಉಣ್ಣಲು ಕೊಡಬೇಕು. ಉಣ್ಣಲು ಕೊಟ್ಟರೆ ಅಣ್ಣನ ತುತ್ತು ಮೊದಲನೆಯದಾಗುವುದಿಲ್ಲ. ಮೂರನೇ ಇಯತ್ತೆ ಕಲಿತ ನನ್ನ ತಲೆಗೆ ಈ ಗಣಿತ ಹತ್ತಲಿಲ್ಲ.

ಹತ್ತಿದ್ದು ಪಕ್ಕದ ಮನೆಯ ಮಾಬೂಬಿಗೆ. ಅವಳ ಗಂಡ ಖಾದರಸಾಬ ಊರೂರಿಗೆ ಬಳೆ ಮಾರುತ್ತ ಹೋಗುವವನು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ. ಆ ಗೋಡೆಗೆ ಅದರದೇ ಕಾಯ್ದೆಗಳಿದ್ದವು. ಮಾತು ದಾಟಬಹುದು, ನಗು ದಾಟಬಹುದು, ಆಡಿಸಲಿಕ್ಕೆಂದು ಕೂಸೂ ದಾಟಬಹುದು. ಬಟ್ಟಲು ಮಾತ್ರ ದಾಟುವಂತಿರಲಿಲ್ಲ. ನಮ್ಮತ್ತೆ ಮಾಬೂಬಿಯ ಜೊತೆ ಅರ್ಧ ದಿನ ಹರಟೆ ಹೊಡೆದಾರು, ಅವಳ ಮನೆಯ ನೀರೊಂದು ಗುಟುಕು ಮುಟ್ಟಲಾರರು.

ಮಾಬೂಬಿಗೂ ನನ್ನ ಮಗನ ವಾರಿಗೆಯ ಮಗಳಿದ್ದಳು, ಅವಳ ಮನೆಯಲ್ಲೂ ಒಬ್ಬ ಅತ್ತೆ ಇದ್ದಳು. ಆ ಅತ್ತೆಯ ನಿಯಮ ಬೇರೆ. ಹಲ್ಲು ಮೂಡುವವರೆಗೆ ಕೂಸಿಗೆ ಒಂದಗುಳು ಕೊಡಕೂಡದು. ಹಲ್ಲು ಕೊಡುವ ದೇವರು ಊಟದ ಹೊತ್ತು ತಾನೇ ಹೇಳುತ್ತಾನೆ. ದೇವರು ಆ ಹುಡುಗಿಯ ವಿಷಯದಲ್ಲಿ ಬಹಳ ತಡ ಮಾಡಿದ್ದ. ಗೋಡೆಯ ಆಚೆ ಒಂದು, ಈಚೆ ಒಂದು, ಎರಡೂ ಕೂಸು ಒಂದೇ ರಾಗದಲ್ಲಿ ಅಳುತ್ತಿದ್ದವು.

ಒಂದು ದಿನ ಮಾಬೂಬಿ ಗೋಡೆಗೆ ಆತು ನಿಂತು ಹೇಳಿದಳು, “ಅಕ್ಕಾ, ನಿಮ್ಮತ್ತಿ ನಿನಗೇನಂದಾರ? ನಿನ್ನ ಕೂಸಿಗೆ ನೀ ಉಣಸಬ್ಯಾಡ ಅಂದಾರ, ಹೌದಿಲ್ಲೋ?”

“ಹೌದು.”

“ನಮ್ಮತ್ತಿನೂ ನನಗ ಅದನ್ನ ಹೇಳ್ಯಾಳ. ನನ್ನ ಕೂಸಿಗೆ ನೀ ಉಣಸಬ್ಯಾಡ ಅಂತ ನಿನಗ ಯಾರರ ಹೇಳ್ಯಾರೇನು?”

ನಾನು ಅವಳ ಮುಖ ನೋಡಿದೆ. ಆ ಮುಖದಲ್ಲಿ ಕಪಟದ ಸುಳಿವೇ ಇರಲಿಲ್ಲ, ಅಷ್ಟು ಪಕ್ಕಾ ಕಪಟ ಅದು. ಅವತ್ತೇ ಕೂಸುಗಳು ಗೋಡೆ ದಾಟಿದವು.

ದಿನಾ ಮುಂಜಾನೆ ಅತ್ತೆ ಕಂಡಿಕೆಗೆ ನೂಲು ಸುತ್ತುತ್ತ ಪಡಸಾಲೆಯಲ್ಲಿ ಕೂತ ಮೇಲೆ ನಮ್ಮ ವ್ಯವಹಾರ ಸುರುವಾಗುತ್ತಿತ್ತು. ನನ್ನ ಮಗ ಮಾಬೂಬಿಯ ಒಲೆಯ ಮುಂದೆ ಕೂತು ಬೆಣ್ಣೆಯಂತೆ ಬೆಂದ ಜೋಳದ ನುಚ್ಚು ತಿನ್ನುತ್ತಿದ್ದ. ಅವಳ ಮಗಳಿಗೆ ನಾನು ಕೊಡುತ್ತಿದ್ದದ್ದು ಮಗ್ಗದ ಎಳೆಗಳಿಗೆ ಹಚ್ಚಲು ಕಾಸಿದ ಅಕ್ಕಿಯ ಗಂಜಿ. ನಮ್ಮ ಮನೆಯಲ್ಲಿ ಯಾರೂ ಅಳತೆ ನೋಡದೆ ಇದ್ದ ಗಡಿಗೆ ಅದೊಂದೇ. ಆ ಹುಡುಗಿ ಇಳಕಲ್ ಸೀರೆಯ ಪಾಲು ಕುಡಿದು ಬೆಳೆದವಳು. ಅತ್ತೆಯ ಗಂಡ, ನಮ್ಮ ಮಾವನವರು, ಆಗಾಗ ಮಗ್ಗದ ಕುಣಿಯಿಂದ, “ಯಾಕೋ ಎಳಿ ಮೆತ್ತಗಾಗ್ಯಾವ, ಗಂಜಿ ಸಾಲವಲ್ದು,” ಎನ್ನುತ್ತಿದ್ದರು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದೆ.

ಆದರೆ ಹೊಟ್ಟೆ ತುಂಬಿದ ಕೂಸನ್ನು ಬಚ್ಚಿಡುವುದು ಹೇಗೆ? ಅಳು ನಿಂತಿತು, ಕೆನ್ನೆ ಉಬ್ಬಿತು. ಅತ್ತೆ ಒಂದು ದಿನ ಅದನ್ನು ಎತ್ತಿ ತೂಗಿ ನೋಡಿದರು.

“ಖರೆ ಹೇಳು. ಕೂಸಿಗೆ ಏನರ ಉಣಸೀಯೇನು?”

“ಇಲ್ಲರಿ, ಅತ್ತಿ.”

“ಮಗ್ಗಾ ಮುಟ್ಟಿ ಹೇಳು.”

ನೇಕಾರರಿಗೆ ಮಗ್ಗದ ಆಣೆಗಿಂತ ದೊಡ್ಡ ಆಣೆ ಇಲ್ಲ. ನಾನು ಹೋಗಿ ಮಗ್ಗದ ಮೇಲೆ ಅಂಗೈ ಇಟ್ಟೆ. “ಈ ಕೂಸಿನ ಬಾಯಾಗ ನನ್ನ ಕೈಲೆ ಒಂದಗಳಾ ಇಟ್ಟಿಲ್ಲರಿ,” ಎಂದೆ. ನಾಲಿಗೆ ತಡವರಿಸಲಿಲ್ಲ. ಹೇಳಿದ್ದೆಲ್ಲ ಖರೆಯೇ ಆಗಿತ್ತಲ್ಲ. ಅತ್ತೆ ನನ್ನನ್ನೊಮ್ಮೆ, ಕೂಸನ್ನೊಮ್ಮೆ ನೋಡಿದರು. ಆಮೇಲೆ ಬಾವಿಯ ಕಟ್ಟೆಯಲ್ಲಿ ಓಣಿಯ ಹೆಂಗಸರ ಮುಂದೆ, “ನಮ್ಮ ಸೊಸಿ ಹಾಲಿನ ಗುಣ ಅದು,” ಎಂದು ಹೇಳಿಕೊಂಡು ಬಂದರು. ಹುನಗುಂದದ ಆಸಾಮಿಯ ಮಾತು ಅಲ್ಲಿಗೆ ತಣ್ಣಗಾಯಿತು.

ಎಷ್ಟು ದಿನ ತಣ್ಣಗಿದ್ದೀತು? ಒಮ್ಮೆ ಅತ್ತೆ ಊಟಕ್ಕೆ ಕೂತಾಗ ಕೂಸು ಅಂಬೆಗಾಲಿಕ್ಕಿ ಹೋಗಿ ಅವರ ತಾಟಿನ ರೊಟ್ಟಿಗೇ ಕೈ ಹಾಕಿತು. ಅದರ ಧೈರ್ಯ ಹೊಸಬನ ಧೈರ್ಯವಾಗಿರಲಿಲ್ಲ. ಅತ್ತೆ ಕೈ ತಡೆದು, “ಇನ್ನ ಇದನ್ನ ಹಿಡಿಯಾಕ ಆಗೂದಿಲ್ಲ. ಬರೂ ಹುಣ್ಣಿವಿಗೆ ತಮ್ಮನ ಮಗನ್ನ ಕರಸಿಬಿಡೂಣು,” ಎಂದರು. ಆ ಮಾತಿಗೆ ಈ ಸಲ ನಿಶ್ಚಯದ ಧಾಟಿ ಇತ್ತು.

ನಾನು ಗೋಡೆಯ ಹತ್ತಿರ ಓಡಿದೆ. ಮಾಬೂಬಿ ಗಾಬರಿಯಾಗುವ ಪೈಕಿಯವಳಲ್ಲ. “ನಿಮ್ಮಣ್ಣಗ ಮಾತು ಹೇಳಿ ಕಳಿಸಿದ್ರ ಮಾತಿಗೆ ಮಾತು ಬೆಳಿತೈತಿ. ಬಣ್ಣಾ ಕಳಸು,” ಎಂದಳು. ಕೂಸಿನ ಕುಂಚಿಗೆ ದಿನಾ ಜೊಲ್ಲಿಗೆ ನೆನೆದು, ದಿನಾ ತೊಳೆಸಿಕೊಂಡು, ಅಂಚು ಸವೆದು ಹೋಗಿತ್ತು. ಕೆಂಪು ಮಾತ್ರ ಹೆಸರಿಟ್ಟ ದಿನ ಹೇಗಿತ್ತೋ ಹಾಗೇ ಇತ್ತು. ಅದನ್ನು ಕಣ್ಣಾರೆ ಕಂಡರೆ ಅಣ್ಣನ ಸಿಟ್ಟು ಇಳಿದೀತು, ಕರೆಯದಿದ್ದರೂ ಬಂದಾನು ಎಂಬುದು ಅವಳ ಲೆಕ್ಕ. ನಾನು ಕುಂಚಿಗೆಯನ್ನು ಇನ್ನೊಮ್ಮೆ ತಿಕ್ಕಿ ತೊಳೆದು ಒಣಗಿಸಿ ಕೊಟ್ಟೆ. ಖಾದರಸಾಬ ಬಳೆಯ ಮಲಾರದ ಜೊತೆ ಅದನ್ನೂ ಕಟ್ಟಿಕೊಂಡು, ಅಮೀನಗಡದಲ್ಲಿ ಒಂದಿಷ್ಟು ಬಳೆ ಮಾರಿ, ಗುಳೇದಗುಡ್ಡಕ್ಕೆ ಹೋಗಿ ಅಣ್ಣನ ಕೈಯಲ್ಲಿ ಇಟ್ಟು ಬಂದ.

ಅಣ್ಣ ಬಂದ. ಆದರೆ ಸಿಟ್ಟು ಇಳಿದು ಬರಲಿಲ್ಲ, ಇಮ್ಮಡಿಯಾಗಿ ಬಂದ. ಮಟಮಟ ಮಧ್ಯಾಹ್ನ ನಮ್ಮ ಬಾಗಿಲಲ್ಲಿ ಕುಂಚಿಗೆ ಹಿಡಿದು ನಿಂತ. ಹೊಸ್ತಿಲು ದಾಟುವುದಿಲ್ಲ ಎಂದು ಆಡಿದ ಮಾತು ನೆನಪಿತ್ತು, ಕಾಲ್ಬೆರಳು ಹೊಸ್ತಿಲಿಗೆ ತಾಗದಂತೆ ನೋಡಿಕೊಂಡೇ ನಿಂತಿದ್ದ.

“ಯಾರ ಕೈಲೆ ಉಷ್ಟಾವಣ ಮಾಡಿಸಿದ್ರಿ, ಅತ್ಯಾರ? ನಾ ಸತ್ತೀನಿ ಅಂತ ತಿಳಕೊಂಡಿರೇನು?”

ಒಳಗೆ ಮಗ್ಗದ ಸದ್ದು ನಿಂತಿತು. ಅತ್ತೆ ಕಂಡಿಕೆ ಕೆಳಗಿಟ್ಟು ಎದ್ದು ಬಂದರು. “ಯಾರೂ ಮಾಡಿಸಿಲ್ಲರಿ. ನನ್ನ ಸೊಸಿ ಮಗ್ಗಾ ಮುಟ್ಟಿ ಹೇಳ್ಯಾಳ.”

“ಹಂಗಾದ್ರ ಇದೇನು?” ಅಣ್ಣ ಕುಂಚಿಗೆಯ ಕಸೆಯನ್ನು ಎತ್ತಿ ಹಿಡಿದ. ಕೂಸು ಉಣ್ಣುತ್ತ ಉಣ್ಣುತ್ತ ಆ ಕಸೆಯನ್ನೂ ಚೀಪುತ್ತಿತ್ತು. ನಾನು ಕುಂಚಿಗೆಯನ್ನು ತೊಳೆದಿದ್ದೆ, ಕಸೆಯ ಗಂಟು ಬಿಚ್ಚಿ ತೊಳೆದಿರಲಿಲ್ಲ. “ಈ ತುದಿ ಸೆಟದು ನಿಂತೈತಿ. ಇದು ಹಾಲಿನ ಕಲಿ ಅಲ್ಲ, ಕಾಳಿನ ಕಲಿ. ಗಂಜಿ ಕುಡದ ಎಳಿ ಯಾವುದು, ಕುಡೀದ್ದು ಯಾವುದು ಅಂತ ಒಬ್ಬ ನೇಕಾರಗ ಹೇಳಿಕೊಡಬೇಕೇನ್ರಿ?”

ಬಣ್ಣ ನೋಡಲೆಂದು ಕಳಿಸಿದರೆ ಅವನು ಎಳೆ ನೋಡಿದ್ದ. ಅಣ್ಣನೂ ಹೋದ, ಅತ್ತೆಯ ಮುಂದೆ ನನ್ನ ಮಾನವೂ ಹೋಯಿತು ಎಂದುಕೊಂಡೆ. ಅತ್ತೆ ಕೈ ಚಾಚಿ ಕುಂಚಿಗೆ ಇಸಿದುಕೊಂಡರು. ಕಡಿದ ಎಳೆ ಕೂಡಿಸುವಾಗ ಮಾಡುತ್ತಾರಲ್ಲ, ಹಾಗೆ ಕಸೆಯ ತುದಿಯನ್ನು ನಾಲಿಗೆಗೆ ಹಚ್ಚಿ, ಬೆರಳಲ್ಲಿ ಹೊಸೆದು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀ ಉಣಸೀಯೇನು?”

“ಇಲ್ಲರಿ.”

“ಮತ್ತ ಯಾರು?”

ಗದ್ದಲ ಕೇಳಿ ಮಾಬೂಬಿ ಆಗಲೇ ನಮ್ಮ ಅಂಗಳಕ್ಕೆ ಬಂದಿದ್ದಳು. ಬಗಲಲ್ಲಿ ಅವಳ ಮಗಳು. ಮಾಬೂಬಿಯ ಕಪಟದ ಮುಖ ಅವತ್ತು ಬಿಳುಪೇರಿತ್ತು. “ನಾ ಉಣಸೀನಿ, ದೊಡ್ಡವ್ವ. ನಮ್ಮನ್ಯಾಗಿನ ಜ್ವಾಳದ ನುಚ್ಚು. ಕೂಸು ಭಾಳ ಹಸದಿತ್ತು,” ಎಂದಳು.

ಓಣಿಯವರು ತಮ್ಮ ತಮ್ಮ ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆ ಅವಳನ್ನೇ ನೋಡುತ್ತ ಕೇಳಿದರು, “ಉಪ್ಪು ಹಾಕಿದ್ದೇನು?”

ಮಾಬೂಬಿ ನನ್ನ ಕಡೆ ನೋಡಿದಳು. ಅವಳ ಕೈ ಉಪ್ಪಿಗೆ ಧಾರಾಳ, ಅದು ನನಗೆ ಗೊತ್ತಿತ್ತು. ಆದರೆ ಆ ಪ್ರಶ್ನೆಯಲ್ಲಿ ಎಲ್ಲೋ ಒಂದು ಸಂದಿ ಇದೆ ಎಂದು ಅವಳ ಚುರುಕು ಬುದ್ಧಿಗೆ ಹೊಳೆದಿರಬೇಕು. “ಇಲ್ಲ ದೊಡ್ಡವ್ವ. ಅಷ್ಟು ಸಣ್ಣ ಕೂಸಿಗೆ ಯಾಕ ಉಪ್ಪು,” ಎಂದಳು.

“ಕೇಳಿದ್ರೇನ್ರಿ, ಬೀಗರ?” ಅತ್ತೆ ಅಣ್ಣನ ಕಡೆ ತಿರುಗಿದರು. “ಉಪ್ಪಿಲ್ಲದ್ದು ಊಟ ಅಲ್ಲ. ಅದು ಎಳಿಗೆ ಹಚ್ಚೂ ಗಂಜಿ ಇದ್ದಂಗ. ಮಗ್ಗದ ಮನ್ಯಾಗ ಹುಟ್ಟಿದ ಕೂಸಿನ ಬಾಯಿಗೆ ಗಂಜಿ ಹತ್ತೈತಿ, ಅಷ್ಟ. ಉಷ್ಟಾವಣ ಇನ್ನೂ ಆಗಿಲ್ಲ.”

“ಹಂಗಂತೀರೇನು?” ಎಂದ ಅಣ್ಣ. ನಂಬಲು ಅವನಿಗೂ ಮನಸ್ಸಿತ್ತು.

“ಹಂಗ ಅಂತೇನಿ.” ಅತ್ತೆ ಕುಂಚಿಗೆಯನ್ನು ಬಿಸಿಲಿಗೆ ಹಿಡಿದು ಓಣಿಗೆಲ್ಲ ಕಾಣುವಂತೆ ತಿರುವಿದರು. “ಇಷ್ಟು ತಿಂಗಳಾ ತೊಳದ್ರೂ ಬಿಟ್ಟಿಲ್ಲ. ನಿಮ್ಮ ಬಣ್ಣಾ ಗಟ್ಟಿ ಐತಿ. ಒಳಗ ಬರ್ರಿ, ಕಾಲಿಗೆ ನೀರು ಕೊಡ್ತಾಳ ನಿಮ್ಮ ತಂಗಿ.”

ಅಣ್ಣ ಹೊಸ್ತಿಲು ದಾಟಿದ. ನಾನು ತಂಬಿಗೆ ತುಂಬಿಕೊಂಡು ಓಡಿ ಬಂದು ಅರ್ಧ ನೀರು ನನ್ನ ಕಾಲಿನ ಮೇಲೇ ಚೆಲ್ಲಿಕೊಂಡೆ.

ಅವತ್ತೇ ಸಂಜೆ ಗೋಧಿ ಹುಗ್ಗಿ ಮಾಡಿದೆವು. ಅಣ್ಣ ರುಮಾಲು ಸುತ್ತಿಸಿಕೊಂಡು, ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಬೆರಳ ತುದಿಯಲ್ಲಿ ಒಂದಿಷ್ಟು ಹುಗ್ಗಿ ಹಿಡಿದ. ಹೊಸ ರುಚಿಗೆ ಕೂಸುಗಳು ಮುಖ ಹಿಂಡುತ್ತವೆ, ಉಗುಳುತ್ತವೆ. ನಮ್ಮವನು ಅಣ್ಣನ ಬೆರಳನ್ನೇ ಹಿಡಿದೆಳೆದು ನೆಕ್ಕಿ, ನುಂಗಿ, ಇನ್ನೊಂದು ತುತ್ತಿಗೆ ಬಾಯಿ ತೆರೆದ. “ಎಂಥಾ ಶಾಣ್ಯಾ ಐತಿ ನೋಡ್ರಿ. ಮೊದಲನೇ ತುತ್ತು, ಒಂಚೂರೂ ಚೆಲ್ಲಲಿಲ್ಲ,” ಎಂದು ಅಣ್ಣ ಹಿಗ್ಗಿದ. ಅತ್ತೆ ಮುಖದ ಒಂದು ಗೆರೆಯನ್ನೂ ಕದಲಿಸದೆ, “ಸ್ವಾದರಮಾವನ ಕೈಗುಣ,” ಎಂದರು. ಮರುದಿನ ಮುಂಜಾನೆ ಗಂಜಿಯ ಗಡಿಗೆ ಒಲೆಗೇರಿಸುವಾಗ, ಇನ್ನೊಂದು ಹಿಡಿ ಅಕ್ಕಿ ಹೆಚ್ಚಿಗೆ ಹಾಕು ಎಂದರು. ಅಷ್ಟೇ. ಆ ವಿಷಯ ಮತ್ತೆಂದೂ ಅವರ ಬಾಯಲ್ಲಿ ಬರಲಿಲ್ಲ.

ಈ ಕಥೆಯನ್ನು ನಾನು ಮದುವೆಯ ಚಪ್ಪರಗಳಲ್ಲಿ, ಸೀಮಂತದ ಮನೆಗಳಲ್ಲಿ ಎಷ್ಟು ಸಲ ಹೇಳಿದ್ದೇನೋ. ಹೇಳಿದಾಗಲೆಲ್ಲ ಗೆದ್ದವರು ನಾನು ಮತ್ತು ಮಾಬೂಬಿ, ಮೋಸ ಹೋದವರು ನಮ್ಮತ್ತೆ. ಮುದುಕಿಯ ಕಣ್ಣಿಗೆ ಉಪ್ಪಿಲ್ಲದ ನುಚ್ಚಿನ ಮಣ್ಣೆರಚಿದೆವು ಎಂದು ನಾನು ಕೈ ತಟ್ಟುತ್ತಿದ್ದೆ, ಕೇಳಿದವರು ನಗುತ್ತಿದ್ದರು. ಮೊನ್ನೆ ಗಂಗವ್ವನಿಗೂ ಹಾಗೇ ಹೇಳಿದೆ. ಅವಳು ನಗಲಿಲ್ಲ. ಒಲೆಯ ಬೂದಿ ಕೆದಕುತ್ತ ಕೂತಿದ್ದವಳು ತಲೆ ಎತ್ತಿದಳು.

“ಅಲ್ಲರಿ ಅತ್ತಿ, ಅವರು ಕಸಿ ನಾಲಿಗಿಗೆ ಹಚ್ಚಿದ್ದು ಉಪ್ಪಿನ ಮಾತು ಕೇಳೂಕಿಂತ ಮೊದಲೋ, ಆಮ್ಯಾಲೋ?”

“ಮೊದಲ,” ಎಂದೆ.

ಕಸೆ ಮೊದಲು ನಾಲಿಗೆಗೆ ಹೋಗಿತ್ತು, ಪ್ರಶ್ನೆ ಆಮೇಲೆ ಬಂದಿತ್ತು. ಇದನ್ನು ನಾನೇ ಕಣ್ಣಾರೆ ಕಂಡಿದ್ದೆ, ಇಷ್ಟು ವರ್ಷ ನನ್ನ ಬಾಯಿಂದಲೇ ಹೇಳುತ್ತ ಬಂದಿದ್ದೆ. ಆ ಕಸೆಯಲ್ಲಿ ಮಾಬೂಬಿಯ ಧಾರಾಳ ಕೈಯ ಉಪ್ಪು ಇತ್ತು. ಅತ್ತೆಗೆ ರುಚಿ ಗೊತ್ತಾಗಿತ್ತು. ಆ ಮನೆಯ ಒಂದು ಬಟ್ಟಲನ್ನೂ ಈಚೆ ಬರಗೊಡದಿದ್ದ ಹೆಂಗಸು, ಇಡೀ ಓಣಿಯ ಎದುರಿಗೆ ಆ ಮನೆಯ ನುಚ್ಚನ್ನು ನಾಲಿಗೆಯ ಮೇಲೆ ಇಟ್ಟುಕೊಂಡೇ ಮಾಬೂಬಿಗೆ ಸುಳ್ಳು ಹೇಳಲು ದಾರಿ ಮಾಡಿಕೊಟ್ಟಿದ್ದರು. ನನ್ನ ಅಣ್ಣ ಒಳಗೆ ಬರಲಿ ಎಂದು. ನನಗೆ ಅಳು ಬಂತು. ಇಷ್ಟು ವರ್ಷವಾದ ಮೇಲೆ, ಅದೂ ಅತ್ತೆಗಾಗಿ, ಸೊಸೆಯ ಮುಂದೆ. ಗಂಗವ್ವ ಕಾಣದವಳಂತೆ ಬೆನ್ನು ತಿರುಗಿಸಿ ಕೂತಳು. ಜಾಣೆ.

ಕೂಸು ನನ್ನ ತೊಡೆಯ ಮೇಲೆ ಕಸೆಗೆ ಬದಲಾಗಿ ತನ್ನ ಮುಷ್ಟಿಯನ್ನೇ ಚೀಪುತ್ತಿತ್ತು. ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ, ಬಾದಾಮಿಯ ತಮ್ಮ ಈ ತಿಂಗಳು ಬರುವ ಲಕ್ಷಣವೂ ಇರಲಿಲ್ಲ. ನಾನು ಮೂಗು ಒರೆಸಿಕೊಂಡು ಕೂಸನ್ನು ಗಂಗವ್ವನ ತೊಡೆಗೆ ಹಾಕಿ, ಸೆರಗು ಹೊದ್ದು ಬಾಗಿಲಿಗೆ ಬಂದೆ.

“ಎಲ್ಲಿಗೆ ಹೊಂಟ್ರಿ, ಅತ್ತಿ?”

“ಮಾಬೂಬಿನ ಮಾತಾಡಿಸಿ ಬರ್ತೇನಿ. ಒಲ್ಯಾಗ ಇನ್ನಾ ಕೆಂಡ ಅದಾವ. ಬರೂದು ಭಾಳ ತಡಾ ಆಗ್ತೈತಿ,” ಎಂದೆ. ಅವಳಿಗೆ ತಿಳಿಯಿತೋ ಇಲ್ಲವೋ ಎಂದು ಅನುಮಾನವಾಗಿ, ಹೊಸ್ತಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದೆ. “ಬರೂ ಮುಂದ ಅವರ ಬಾಗಲದಿಂದನ ಕೆಮ್ಮಿಕೋತ ಬರ್ತೇನಿ.”